ಅರವತ್ತು ಎಲೆಯ ಹೋಟೆಲು

ಹೋಟೆಲುಗಳ ಗುಣದೋಷ ಹೇಳುವ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಇಂಥಲ್ಲಿ ದೋಸೆ ಚೆನ್ನ, ಅಂಥಲ್ಲಿ ಕಾಫಿ ಚೆನ್ನ ಎಂದು ಬರೆಯುವವರು ಸಾಮಾನ್ಯವಾಗಿ ಒಬ್ಬರೇ ಹೋಗಿರುತ್ತಾರೆ; ಹೆಚ್ಚೆಂದರೆ ಜೊತೆಗೊಬ್ಬ ಗೆಳೆಯ. ಅವರ ನಾಲಗೆಯ ಮೇಲೆ ನನಗೆ ಗೌರವವಿದೆ. ಆದರೆ ಎಂಬತ್ತು ತುಂಬಿದ ಅವ್ವ, ಮೊಣಕಾಲು ಸವೆದ ಇಬ್ಬರು ಚಿಗವ್ವಂದಿರು, ಸಕ್ಕರೆ ಕಾಯಿಲೆಯ ಸೋದರಮಾವ, ಮುನಿಸಿಕೊಳ್ಳಲು ನೆಪ ಹುಡುಕುವ ಬೀಗರು, ಹಸಿವೆಯಾದರೆ ಛಾವಣಿ ಹಾರಿಸುವ ಐದಾರು ಕೂಸುಗಳು, ಹೀಗೆ ಅರವತ್ತು ಮಂದಿಯನ್ನು ಕಟ್ಟಿಕೊಂಡು ಹೋಗುವವರಿಗೆ ಆ ಬರಹಗಳಿಂದ ಉಪಯೋಗ ಕಡಿಮೆ. ಅಲ್ಲಿ ಪರೀಕ್ಷೆಗೆ ನಿಲ್ಲುವುದು ಸಾರಿನ ರುಚಿಯೊಂದೇ ಅಲ್ಲ.

ಅವ್ವನ ಎಂಬತ್ತರ ಊಟವನ್ನು ಹೋಟೆಲಿನಲ್ಲಿ ಮಾಡುವುದೆಂದು ತಮ್ಮಂದಿರು ಹೇಳಿದಾಗ ಇಟ್ಟಿಗಿಯ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. "ಮನ್ಯಾಗ ಒಲಿ ಇರೋವಾಗ ಹೋಟ್ಲಾಗ ಯಾಕ ಉಣ್ಣಬೇಕು?" ಎಂದು ದೊಡ್ಡಪ್ಪ ಕೇಳಿದರು. ಪ್ರಶ್ನೆ ಸರಿಯಾದದ್ದೆ. ಒಲೆಯ ಮುಂದೆ ಯಾರು ಕೂಡಬೇಕು ಎಂಬುದನ್ನು ಮಾತ್ರ ಅವರು ಕೇಳಲಿಲ್ಲ. ಕೊನೆಗೆ ಹೊಸಪೇಟೆ ಎಂದು ತೀರ್ಮಾನವಾಯಿತು. ಬೆಂಗಳೂರಿನವರು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಅಲ್ಲಿ ಇಳಿಯಬಹುದು; ಊರಿನವರು ಟೆಂಪೊ ಮಾಡಿಕೊಂಡು ಬರಬಹುದು. ಹೋಟೆಲು ನೋಡಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಪರೀಕ್ಷಾ ಮೇಲ್ವಿಚಾರಣೆ ಮಾಡಿ ಅಭ್ಯಾಸವಿದ್ದವಳು ಎಂಬುದೇ ನನ್ನ ಅರ್ಹತೆ.

ನೋಡಿದ್ದು ಮೂರು. ಹೆಸರು ಹೇಳುವುದಿಲ್ಲ, ಹೆಸರು ಬದಲಿಸಿದರೆ ಇವು ಯಾವ ಊರಿನಲ್ಲಿಯೂ ಸಿಕ್ಕಾವು.

ಮೊದಲನೆಯದು ದೊಡ್ಡ ಲಾಡ್ಜಿನ ಹವಾನಿಯಂತ್ರಿತ ಸಭಾಂಗಣ. ಇಪ್ಪತ್ತೆರಡು ಬಗೆ ಅಡುಗೆ, ಬಫೆ. ಬಫೆಯನ್ನು ನಾನು ಹೀಗಳೆಯುವುದಿಲ್ಲ. ಬೇಕಾದದ್ದನ್ನು ಬೇಕಾದಷ್ಟೇ ಹಾಕಿಕೊಳ್ಳುವುದರಿಂದ ಅನ್ನ ಚೆಲ್ಲುವುದು ಕಡಿಮೆಯಾಗಬಹುದು. ಆದರೆ ಎಂಬತ್ತರ ಮುದುಕಿ ತನ್ನದೇ ಹಬ್ಬದ ದಿನ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತಂತೆ ತಟ್ಟೆ ಹಿಡಿದು ನಿಲ್ಲುವುದೆ? ಯಾರಾದರೂ ತಂದುಕೊಡಬಹುದು ನಿಜ. ತಂದುಕೊಡುವವರು ಮತ್ತೆ ಮನೆಯ ಹೆಣ್ಣುಮಕ್ಕಳೇ ಆಗುತ್ತಾರೆ. ಹಾಗಾದ ಮೇಲೆ ಅಡುಗೆಮನೆಯನ್ನು ಹೊಸಪೇಟೆಗೆ ಸಾಗಿಸಿದಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ಎರಡನೆಯದು ಮಹಡಿಯ ಮೇಲಿನ ಫ್ಯಾಮಿಲಿ ರೆಸ್ಟೋರೆಂಟು. ಕುರ್ಚಿ ಮೆತ್ತಗಿದ್ದವು, ಬಡಿಸುವ ಹುಡುಗರು ಚುರುಕಾಗಿದ್ದರು. ಗೋಬಿ ಮಂಚೂರಿ, ಪನ್ನೀರು ಎಂದರೆ ಮೊಮ್ಮಕ್ಕಳಿಗೆ ಪ್ರಾಣ. ಹತ್ತಲು ಮಾತ್ರ ಇಪ್ಪತ್ತನಾಲ್ಕು ಮೆಟ್ಟಿಲು, ಲಿಫ್ಟಿಲ್ಲ. ಮೇಜುಗಳು ನಾಲ್ಕು ನಾಲ್ಕು ಜನರಿಗೆ. ಅರವತ್ತು ಮಂದಿ ಕೂತರೆ ಹದಿನೈದು ಬೇರೆ ಬೇರೆ ಊಟಗಳಾಗುತ್ತವೆ. ಒಂದು ಮೇಜಿನಲ್ಲಿ ಐಸ್‌ಕ್ರೀಮು ಬಂದಿದ್ದರೆ ಇನ್ನೊಂದರಲ್ಲಿ ನೀರೂ ಬಂದಿರುವುದಿಲ್ಲ. ಪಂಕ್ತಿ ಎಂದರೆ ಸಾಲಾಗಿ ಕೂಡುವುದಷ್ಟೇ ಅಲ್ಲ, ಒಟ್ಟಿಗೆ ಶುರುಮಾಡಿ ಒಟ್ಟಿಗೆ ಏಳುವುದು. ಹಿರಿಯರಿಗಾಗಿ ಕಾಯುವ ಆ ಒಂದು ನಿಮಿಷವೇ ಹಬ್ಬದ ನಿಮಿಷ.

ಮೂರನೆಯದು ಖಾನಾವಳಿ. ನೆಲದ ಮೇಲೆಯೇ ಉದ್ದನೆಯ ಹಾಲು, ಉದ್ದ ಮೇಜು, ಕೈ ತೊಳೆಯುವ ಜಾಗ ಹತ್ತು ಹೆಜ್ಜೆಯಲ್ಲಿ. ಶೌಚಾಲಯಕ್ಕೆ ಚಿಲಕವಿತ್ತು, ನೀರಿತ್ತು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಅಡುಗೆಗಿಂತ ಮೊದಲು ನೋಡಬೇಕಾದದ್ದು ಇದನ್ನೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಹೇಳಿದರೆ ಹೋಳಿಗೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ನಮ್ಮ ಬಡಜೋಳಕ್ಕೂ ಪೇಟೆಯಲ್ಲಿ ಮಾನ ಬಂದಿದೆ. ನಮಗೆ ಅದು ಮೊದಲಿನಿಂದಲೂ ಊಟ.

ಆದರೂ ಖಾನಾವಳಿಯನ್ನು ಹೊಗಳಿ ಮುಗಿಸುವಂತಿಲ್ಲ. ಲೆಕ್ಕ ಹಾಕಬೇಕು. ಬಿಸಿರೊಟ್ಟಿಯನ್ನು ಒಂದೊಂದಾಗಿಯೇ ತಟ್ಟಬೇಕು, ಒಂದೊಂದಾಗಿಯೇ ಬೇಯಿಸಬೇಕು. ಒಂದಕ್ಕೆ ಎರಡು ನಿಮಿಷವೆಂದರೂ ಅರವತ್ತು ಮಂದಿಗೆ ಎರಡೆರಡರಂತೆ ನೂರಾ ಇಪ್ಪತ್ತು ರೊಟ್ಟಿಗೆ ಒಬ್ಬಾಕೆಗೆ ನಾಲ್ಕು ತಾಸು. ಅಲ್ಲಿ ತಟ್ಟುವವರು ಇಬ್ಬರು, ಎರಡು ತಾಸು. ಮೊದಲ ರೊಟ್ಟಿ ಉಂಡವನು ಕೊನೆಯ ರೊಟ್ಟಿಯ ಹೊತ್ತಿಗೆ ಮತ್ತೆ ಹಸಿದಿರುತ್ತಾನೆ. ಇದಕ್ಕೆ ಉಪಾಯವನ್ನು ನಮ್ಮ ಹಿರಿಯರೇ ಮಾಡಿಟ್ಟಿದ್ದಾರೆ: ಕಟಕ ರೊಟ್ಟಿ. ಹಿಂದಿನ ದಿನವೇ ಮಾಡಿ ಪೇರಿಸಿಡಬಹುದು. ಒಬ್ಬರಿಗೊಂದು ಬಿಸಿ, ಒಂದು ಕಟಕ ಎಂದು ಮಾತಾಯಿತು. ದೊಡ್ಡ ಊಟ ಹೇಳುವವರು ಯಾವ ಹೋಟೆಲಿನಲ್ಲಾದರೂ ಕೇಳಬೇಕಾದದ್ದು ಅಡುಗೆಯ ಪಟ್ಟಿಯನ್ನಷ್ಟೇ ಅಲ್ಲ, ಅದನ್ನು ಮಾಡುವ ಕೈಗಳೆಷ್ಟು ಎಂಬುದನ್ನು. ಹಾಗೆಯೇ ಬಿಲ್ಲಿನಲ್ಲಿ ಸೇವಾಶುಲ್ಕವೆಂದು ತಾವಾಗಿಯೇ ಸೇರಿಸುತ್ತಾರೆಯೇ ಎಂದೂ ಕೇಳಬೇಕು. ಹಾಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅರವತ್ತು ಮಂದಿಯ ಬಿಲ್ಲಿನಲ್ಲಿ ಅದು ಸಣ್ಣ ಮೊತ್ತವಲ್ಲ.

ಇನ್ನು ದೊಡ್ಡಪ್ಪನ ಪ್ರಶ್ನೆಗೆ ಬರೋಣ. ಹೋಟೆಲಿನ ಊಟಕ್ಕೆ ಮನೆಯ ಪಂಕ್ತಿಯ ಗೌರವವಿಲ್ಲ ಎನ್ನುವುದು ಹಳೆಯ ಮಾತು. ಆದರೆ ಪಂಕ್ತಿಯಲ್ಲಿ ಯಾರಿಗೆ ಜಾಗವಿತ್ತು? ಬೆಂಗಳೂರಿನ ಪ್ರಸಿದ್ಧ ಎಂ.ಟಿ.ಆರ್. 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. 1951ರಲ್ಲಿ ಯುರೋಪು ನೋಡಿ ಬಂದ ಯಜ್ಞನಾರಾಯಣ ಮಯ್ಯರು ಅಲ್ಲಿನ ಶುಚಿತ್ವವನ್ನು ಇಲ್ಲಿ ತಂದರು. 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದ ಹೋಟೆಲು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದದ್ದು ಬರೀ ಬೋರ್ಡಿನ ಬದಲಾವಣೆ ಎಂದು ನನಗೆ ಅನ್ನಿಸುವುದಿಲ್ಲ. ಅಷ್ಟರಲ್ಲಿ ಸಂವಿಧಾನ ಬಂದು ಹತ್ತು ವರ್ಷವಾಗಿತ್ತು. ಅದರ 15ನೆಯ ವಿಧಿ ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯಬಾರದ ಸ್ಥಳಗಳಲ್ಲಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಹೇಳುತ್ತದೆ. ಮಕ್ಕಳಿಗೆ ಇದನ್ನು ಪಾಠ ಮಾಡುವಾಗಲೆಲ್ಲ ಹೋಟೆಲಿನ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಮನೆಯ ನಡುಮನೆಗೆ ಆ ವಿಧಿ ಕಾಲಿಡುವುದಿಲ್ಲ.

ನಮ್ಮ ಹೊಲದಲ್ಲಿ ಅವ್ವನ ಜೊತೆ ನಲವತ್ತು ವರ್ಷ ಕಳೆ ತೆಗೆದ ಒಬ್ಬ ಹೆಣ್ಣುಮಗಳಿದ್ದಾಳೆ. ನಮ್ಮ ಮನೆಯ ಎಲ್ಲ ಹಬ್ಬಗಳಲ್ಲಿಯೂ ಆಕೆಗೆ ಊಟ ಸಿಕ್ಕಿದೆ, ಹಿತ್ತಲಲ್ಲಿ. ಅವ್ವ ಹೋಟೆಲಿಗೆ ಒಪ್ಪಿದ್ದೇ ಒಂದು ಷರತ್ತಿನ ಮೇಲೆ: "ಆಕಿ ಬರದಿದ್ರ ನಾನೂ ಬರಂಗಿಲ್ಲ. ನನ್ನ ಬಾಜೂಕ ಕುಂದ್ರಬೇಕು." ದೊಡ್ಡಪ್ಪ ಸುಮ್ಮನಾದರು. ಹೋಟೆಲಿನಲ್ಲಿ ಬೇಡವೆನ್ನಲು ಅವರಿಗೆ ಅಧಿಕಾರವಿರಲಿಲ್ಲ. ಮನೆಯಲ್ಲಿ ಅವ್ವನಿಗೆ ಬೇಕೆನ್ನಲು ಅಧಿಕಾರವಿರಲಿಲ್ಲವೆಂದು ನನಗೆ ಹೊಳೆದದ್ದು ಆಗ. ಅಂದು ಅವರಿಬ್ಬರೂ ಒಂದೇ ಮೇಜಿನಲ್ಲಿ ಕೂತು ಉಂಡರು. ನನ್ನ ನೆಗೆಣ್ಣಿಯರು, ನಾದಿನಿಯರು ಎಲ್ಲರೂ ಮೊದಲ ಪಂಕ್ತಿಯಲ್ಲೇ ಕೂತರು. ಹಬ್ಬದ ಹೋಳಿಗೆ ಬಿಸಿಯಿರುವಾಗಲೇ ಎಂಥ ರುಚಿ ಎಂಬುದು ಅವರಲ್ಲಿ ಕೆಲವರಿಗೆ ಅಂದೇ ತಿಳಿದಿರಬೇಕು.

ಇದರಿಂದ ಮನೆಯ ಊಟ ಕೀಳು, ಹೋಟೆಲಿನದು ಮೇಲು ಎಂದು ನಾನು ಹೇಳುತ್ತಿಲ್ಲ. ನಮ್ಮ ಹೆಂಗಸರು ಕೂತು ಉಣ್ಣಲು ಅಲ್ಲಿ ಬೇರೆ ಇಬ್ಬರು ಹೆಂಗಸರು ಒಲೆಯ ಮುಂದೆ ಕೂತಿದ್ದರು. ಕೊನೆಯಲ್ಲಿ ಉಣ್ಣುವ ಪಾಳಿ ಮನೆಯಿಂದ ತಪ್ಪಿ ಅವರಿಗೆ ಹೋಗಿತ್ತು, ಅಷ್ಟೆ. ಆದ್ದರಿಂದ ಹೋಟೆಲು ಗೊತ್ತುಮಾಡುವ ದಿನ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೆ: ನೀವು ಯಾವಾಗ ಉಣ್ಣುತ್ತೀರಿ? ರೊಟ್ಟಿ ತಟ್ಟುತ್ತಿದ್ದವಳು ತಲೆಯೆತ್ತಿ ನೋಡಿದಳು. ಗಿರಾಕಿಗಳು ಕೇಳುವ ಪ್ರಶ್ನೆಯಲ್ಲ ಅದು. "ನಿಮ್ದು ಎರಡಕ್ಕ ಮುಗದ್ರ ನಮ್ದು ಮೂರಕ್ಕ ಆಗ್ತೈತ್ರೀ ಅಕ್ಕಾರ," ಎಂದಳು.

ಆ ಮಾತಿನ ಮೇಲೆಯೇ ಊಟ ಹನ್ನೆರಡೂವರೆಗೆ ಎಂದು ಗೊತ್ತಾಯಿತು. ಫೋಟೊ, ಭಾಷಣ, ಸನ್ಮಾನ ಎಲ್ಲವನ್ನೂ ಊಟದ ನಂತರಕ್ಕೆ, ಪಕ್ಕದ ಛತ್ರದ ಜಗುಲಿಗೆ ಹಾಕಿದೆವು. ಬೀಗರು ಇಷ್ಟು ಅವಸರವೇನು ಎಂದು ಮುನಿಸಿಕೊಂಡರು. ಎರಡಕ್ಕೆ ಐದು ನಿಮಿಷವಿರುವಾಗ ಕೊನೆಯ ಎಲೆ ಎದ್ದಿತು.