ಬಿಸಿ ಬಾಣಲೆಯ ಹಿಮ

ಜನವರಿ ಬಂತೆಂದರೆ ಫೋನಿಗೆ ಹಾರ್ಬಿನ್‌ನ ವಿಡಿಯೊಗಳು ಬಂದು ಬೀಳತೊಡಗುತ್ತವೆ. ಚೀನಾದ ಈಶಾನ್ಯ ಮೂಲೆಯ ಆ ಊರಿನಲ್ಲಿ 1985ರಿಂದ ಚಳಿಗಾಲದಲ್ಲಿ ಮಂಜುಗಡ್ಡೆಯ ಹಬ್ಬ. ಹೆಪ್ಪುಗಟ್ಟಿದ ಸೊಂಗ್‌ಹುವಾ ನದಿಯನ್ನು ಗರಗಸದಿಂದ ಕೊಯ್ದು, ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕೋಟೆ, ಗೋಪುರ ಎಬ್ಬಿಸುತ್ತಾರೆ. ಮಂಡ್ಯದ ಗೆಳೆಯರೊಬ್ಬರು ಈ ಸಲ ಅಂಥದೊಂದು ವಿಡಿಯೊ ಕಳಿಸಿ, ‘ನಮ್ಮ ಕಡೆ ಇಂಥದ್ದು ನೋಡಾಕಾದ್ರೂ ಸಿಕ್ತದಾ?’ ಎಂದು ಕೇಳಿದ್ದರು. ಮದ್ದೂರಿನಲ್ಲಿ ಶಿಂಷೆ ಹೆಪ್ಪುಗಟ್ಟುವ ಕಾಲ ಬರುವುದಿಲ್ಲ, ಬರುವುದೂ ಬೇಡ. ಆದರೂ ಬೆಳ್ಳನೆಯ ಶಿಲ್ಪಗಳ ಹಬ್ಬವೊಂದು ನಮಗೂ ಇದೆ, ಅದೂ ಅದೇ ತಿಂಗಳಲ್ಲಿ: ಸಂಕ್ರಾಂತಿಯ ಸಕ್ಕರೆ ಅಚ್ಚು.

ಇದು ತಮಾಷೆಯ ಹೋಲಿಕೆಯಲ್ಲ. ನದಿಯ ಗಟ್ಟಿ ಮಂಜುಗಡ್ಡೆ ಬೆಳಕನ್ನು ತನ್ನೊಳಗಿಂದ ಹಾಯಲು ಬಿಡುತ್ತದೆ. ಅದಕ್ಕೇ ಹಾರ್ಬಿನ್‌ನವರು ಗೋಡೆಯೊಳಗೆ ಬಣ್ಣದ ದೀಪ ಇಡುತ್ತಾರೆ. ಹಿಮ ಹಾಗಲ್ಲ. ಲೆಕ್ಕವಿಲ್ಲದಷ್ಟು ಸಣ್ಣ ಹರಳು, ನಡುನಡುವೆ ಗಾಳಿ. ಬೆಳಕು ಅದರಲ್ಲಿ ಚೆದುರಿಹೋಗಿ ಬಿಳುಪಾಗಿ ಕಾಣುತ್ತದೆ. ಸಕ್ಕರೆ ಪಾಕವೂ ಮೊದಲು ನೀರಿನಂತೆ ತಿಳಿಯಾಗಿರುತ್ತದೆ. ಬಾಣಲೆಯ ಅಂಚಿಗೆ ಉಜ್ಜಿ ಉಜ್ಜಿ ಕದಡಿದಾಗ ಸಣ್ಣ ಹರಳು ಕಟ್ಟಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹೀಗಾಗಿ ನಮ್ಮ ಅಚ್ಚಿಗೆ ಹಾರ್ಬಿನ್‌ಗಿಂತ ಜಪಾನಿನ ಸಪ್ಪೊರೊ ಹತ್ತಿರದ ನೆಂಟ. ಅಲ್ಲಿನ ಹಿಮಶಿಲ್ಪದ ಹಬ್ಬ ಶುರುವಾದದ್ದು 1950ರಲ್ಲಿ, ಶಾಲಾ ಹುಡುಗರು ಒಡೋರಿ ಉದ್ಯಾನದಲ್ಲಿ ಮಾಡಿಟ್ಟ ಆರು ಹಿಮದ ಗೊಂಬೆಗಳಿಂದ.

ಮಳವಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮ ಅಚ್ಚು ಹುಯ್ಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹಿಂದಿನ ರಾತ್ರಿಯೇ ಮರದ ಅಚ್ಚುಗಳು ನೀರಿನಲ್ಲಿ ನೆನೆಯಬೇಕು. ಒಣ ಮರ ಪಾಕವನ್ನು ಹಿಡಿದುಕೊಂಡರೆ ಬಿಡುವುದಿಲ್ಲ. ಬೆಳಿಗ್ಗೆ ಸಕ್ಕರೆಗೆ ನೀರು ಹಾಕಿ ಕಾಯಿಸಿ, ಸ್ವಲ್ಪ ಹಾಲು ಬಿಡುತ್ತಾರೆ. ಹಾಲು ಒಡೆದು ಕೊಳೆಯನ್ನೆಲ್ಲ ನೊರೆಯ ಜೊತೆ ಮೇಲಕ್ಕೆ ತರುತ್ತದೆ. ಅದನ್ನು ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ, ಒಂದು ಸಲಕ್ಕೆ ನಾಲ್ಕೈದು ಅಚ್ಚಿಗಾಗುವಷ್ಟನ್ನು ಮಾತ್ರ ಸಣ್ಣ ಬಾಣಲೆಗೆ ಹಾಕಿಕೊಂಡು ಮತ್ತೆ ಕಾಯಿಸುವುದು. ಎಳೆ ಬಂದೊಡನೆ ಉರಿಯಿಂದ ಇಳಿಸಿ ಅಂಚಿಗೆ ಉಜ್ಜಬೇಕು. ಪಾಕ ಬೆಳ್ಳಗಾದದ್ದೇ ತಡ, ದಾರ ಬಿಗಿದ ಅಚ್ಚಿನೊಳಗೆ ಸುರಿಯಬೇಕು. ಒಂದು ಕ್ಷಣ ಮುಂಚೆ ಸುರಿದರೆ ಗಟ್ಟಿಯಾಗದು, ಒಂದು ಕ್ಷಣ ತಡವಾದರೆ ಬಾಣಲೆಯಲ್ಲೇ ಕಲ್ಲು. ಒಮ್ಮೆ ಸೌಟು ನನ್ನ ಕೈಗೆ ಕೊಟ್ಟು, ನಾನು ಫೋನು ನೋಡುತ್ತಿದ್ದುದನ್ನು ಕಂಡು ಗದರಿಕೊಂಡರು: ‘ಪಾಕ ನಿನಗೆ ಕಾಯಾಕಿಲ್ಲ ಕನಪ್ಪ, ನೀನೇ ಅದ್ಕೆ ಕಾಯ್ಬೇಕು.’

ಈ ಅವಸರದ ಹಿಂದೆ ಲೆಕ್ಕವಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ಬಿಸಿಯಲ್ಲಿ 480 ಗ್ರಾಂಗೂ ಮಿಕ್ಕಿ. ಇಳಿಸಿದ ಪಾಕ ತಾನು ತಡೆಯಲಾರದಷ್ಟು ಸಕ್ಕರೆಯನ್ನು ಹೊತ್ತು ನಿಂತಿರುತ್ತದೆ, ಕೆಡವಲು ಕಾರಣವೊಂದು ಸಿಕ್ಕರೆ ಸಾಕು. ಸೌಟಿನ ಉಜ್ಜಾಟವೇ ಆ ಕಾರಣ. ಚೆನ್ನಾಗಿ ಉಜ್ಜಿದರೆ ಎಲ್ಲೆಡೆ ಒಟ್ಟಿಗೇ ಹರಳು ಹುಟ್ಟಿ ಯಾವುದೂ ದಪ್ಪವಾಗುವುದಿಲ್ಲ.

ಹಾಗಾಗಿ ಅಚ್ಚಿನ ರುಚಿ ಬಲ್ಲವರು ಮೊದಲು ನೋಡುವುದು ಮುರಿದ ಜಾಗವನ್ನು. ಸಕ್ಕರೆ ಮೀನಿನ ಬಾಲ ಮುರಿಯಿರಿ: ಒಳಗೆ ಸುಣ್ಣದ ಕಡ್ಡಿಯಂತೆ ನಯವಿದ್ದರೆ ಕೈ ಪಳಗಿದೆ, ಕಲ್ಲುಸಕ್ಕರೆಯಂತೆ ಮಿಣುಕಿದರೆ ಉಜ್ಜಿದ್ದು ಸಾಲದು. ಬಣ್ಣ ಮಾಸಲಾದರೆ ಕೊಳೆ ತೆಗೆದಿಲ್ಲ. ಆಮೇಲೆ ತುದಿಗಳು: ಗೋಪುರದ ಕಳಶ, ಗಿಳಿಯ ಕೊಕ್ಕು, ಬೃಂದಾವನದ ಮೂಲೆ. ಕಡೆಗೆ ನಾಲಿಗೆ. ಒಳ್ಳೆಯ ಅಚ್ಚು ಕರಕರ ಅನ್ನದೆ ಕರಗುತ್ತದೆ. ಗುಲಾಬಿ, ಹಸಿರು ಬಣ್ಣ ಹಾಕಿದ್ದನ್ನು ನಾನು ಒಲ್ಲೆ. ಬಣ್ಣದಡಿ ಎಲ್ಲ ತಪ್ಪೂ ಮುಚ್ಚಿಹೋಗುತ್ತದೆ.

ಸಕ್ಕರೆಯ ನಾಡೆಂದು ಹೆಸರಾದರೂ ಮಂಡ್ಯ ಸೀಮೆಯಲ್ಲಿ ಎಲ್ಲ ಮನೆಯಲ್ಲೂ ಅಚ್ಚು ಹುಯ್ಯುವುದಿಲ್ಲ. ಕನ್ನಂಬಾಡಿಯ ನೀರು ನಾಲೆಗಿಳಿದು ಕಬ್ಬು ಹಬ್ಬಿತು. ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಬೆನ್ನಿಗೆ ನಿಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಹುಟ್ಟಿತು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅಂದರೆ ಜಿಲ್ಲೆಗಿಂತ ಕಂಪನಿಯೇ ಆರು ವರ್ಷಕ್ಕೆ ಹಿರಿದು. ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಗಳಲ್ಲೂ ಆಮೇಲೆ ಕಾರ್ಖಾನೆಗಳೆದ್ದವು. ಆದರೂ ಹಳ್ಳಿಗಳಲ್ಲಿ ಸಂಕ್ರಾಂತಿ ರಾಸುಗಳ ಹಬ್ಬ: ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವ ಗದ್ದಲ. ಸಿಹಿಗೆ ಆಲೆಮನೆಯ ಬೆಲ್ಲ. ಅಚ್ಚು ಹೆಚ್ಚಾಗಿ ಪೇಟೆಮನೆಗಳ ಕಸುಬು, ಎಳ್ಳು ಬೀರುವ ತಟ್ಟೆಯೇರಿ ಬೀದಿ ಸುತ್ತುವಂಥದ್ದು.

ಹಾರ್ಬಿನ್‌ನವರಿಗೆ ಬಿಸಿಲೇ ಶತ್ರು. ನಮಗೆ ಇರುವೆ, ಮತ್ತೆ ತೇವ. ಸಂಕ್ರಾಂತಿಯ ಒಣ ಗಾಳಿಯಲ್ಲಿ ಅಚ್ಚು ಗಟ್ಟಿಯಾಗಿ ನಿಲ್ಲುತ್ತದೆ, ಮಳೆಗಾಲದಲ್ಲಾದರೆ ಬೆವರಿ ಅಂಟಂಟಾಗುತ್ತದೆ. ನಮ್ಮ ಚಳಿಗೂ ಅಷ್ಟರಮಟ್ಟಿಗೆ ಈ ಶಿಲ್ಪದಲ್ಲಿ ಪಾಲಿದೆ.

ಈ ಸಲ ಹಬ್ಬದ ಹಿಂದಿನ ದಿನ ದೊಡ್ಡಮ್ಮನ ಮನೆಯಲ್ಲಿ ಅಚ್ಚುಗಳನ್ನು ಎರಡು ಗುಂಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಂಚು ಮುಕ್ಕಾಗದ ಗೋಪುರ, ಕೊಕ್ಕಿರುವ ಗಿಳಿ, ಸೊಂಡಿಲು ನೆಟ್ಟಗಿರುವ ಆನೆಗಳೆಲ್ಲ ಬೀರುವ ತಟ್ಟೆಗೆ. ಮುಕ್ಕಾದದ್ದು, ಸೀಳಿದ್ದು ಮನೆಯ ಡಬ್ಬಕ್ಕೆ. ಚೆಂದದ ಗೋಪುರವೊಂದನ್ನು ಡಬ್ಬದ ಕಡೆ ಸರಿಸಲು ಹೋದೆ. ‘ಅದು ಕೊಡಾದು’ ಎಂದು ಕಿತ್ತುಕೊಂಡರು. ಅಚ್ಚು ಹುಯ್ಯುವವರ ಕೈಚಳಕ ಅವರ ಮನೆಯಲ್ಲಿ ಉಳಿಯುವುದೇ ಇಲ್ಲ, ನೋಡಬೇಕೆಂದರೆ ನೆರೆಮನೆಗೆ ಹೋಗಬೇಕು. ಆ ಗೋಪುರವನ್ನು ನಾನೇ ಮಂಡ್ಯಕ್ಕೆ ಒಯ್ದು, ವಿಡಿಯೊ ಕಳಿಸಿದ್ದ ಗೆಳೆಯರ ಕೈಗೆ ಎಳ್ಳಿನ ಜೊತೆ ಇಟ್ಟೆ. ನನಗೆ ದಕ್ಕಿದ್ದು ಕೊಕ್ಕಿಲ್ಲದ ಗಿಳಿ. ಮರುದಿನದ ಕಾಫಿಗೆ ಹಾಕಿದೆ. ಎರಡು ಸುತ್ತು ಚಮಚ ಆಡಿಸುವಷ್ಟರಲ್ಲಿ ಬಾಲವೂ ಉಳಿಯಲಿಲ್ಲ.