ತೋಳು ನೋಡಿ ಕಾಲ ಹೇಳಿ

ಮಾನ್ವಿ, ದೇವದುರ್ಗದ ಕಡೆ ಹಳೇ ಮನೆಗಳ ಪಡಸಾಲೆಯಲ್ಲಿ ದೇವರ ಪಟಗಳ ಸಾಲಿನ ಕೊನೆಗೆ ಒಮ್ಮೊಮ್ಮೆ ದೇವರಲ್ಲದ ಹೆಂಗಸೊಬ್ಬಳು ಸಿಗುತ್ತಾಳೆ. ಮೂಗಿಗೆ ನತ್ತು, ಮೈಗೆ ಲೇಸಿನ ಜಾಕೀಟು, ಕೈಯಲ್ಲೊಂದು ಹೂವು. ಗಾಜಿನ ಮೇಲೆ ಕುಂಕುಮದ ಬೊಟ್ಟೂ ಇರುತ್ತದೆ. ದೇವರ ಸಾಲಿನಲ್ಲಿ ನಿಂತ ಮೇಲೆ ಪೂಜೆ ತಪ್ಪುವುದುಂಟೆ! ಮನೆಯವರು ಲಕ್ಷ್ಮಿ ಅಂದರೆ ಹೌದೆನ್ನಿ, ಉಳಿದೆರಡು ಕೈ ಎಲ್ಲಿ ಎಂದು ಕೇಳಬೇಡಿ.

ಈಕೆಯ ತವರು ಮುಂಬಯಿ. ಪಟಗಳನ್ನು ಅಚ್ಚು ಹಾಕಲು ಚಿತ್ರಕಾರ ರಾಜಾ ರವಿವರ್ಮ 1894ರಲ್ಲಿ ಅಲ್ಲಿನ ಘಾಟ್ಕೋಪರದಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದರು. 1899ರಲ್ಲಿ ಅದು ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು. ಎರಡೂ ಊರು ಮುಂಬಯಿಯಿಂದ ಹೊರಟ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಹಾದಿಯ ಮೇಲಿವೆ. ಆ ಹಾದಿ ಮದ್ರಾಸಿನ ಹಾದಿಗೆ ಕೂಡಿದ್ದು ನಮ್ಮ ರಾಯಚೂರಿನಲ್ಲಿ, 1871ರಲ್ಲಿ. ನಿಜಾಮರ ರಾಜ್ಯದ ಈ ಮೂಲೆಗೆ ಮುಂಬಯಿಯ ಶೋಕಿ ತಲುಪಲು ಇನ್ನೇನು ಬೇಕು?

ಪಟದ ಕಾಲ ತಿಳಿಯಲು ನಾನು ಮೊದಲು ನೋಡುವುದು ಮುಖವನ್ನಲ್ಲ, ತೋಳನ್ನು. ಭುಜದ ಹತ್ತಿರ ಬುಗ್ಗೆಯಾಗಿ ಉಬ್ಬಿದ ತೋಳು 1890ರ ದಶಕದ ಯೂರೋಪಿನ ಹುಚ್ಚು. ನಮ್ಮ ಹೆಂಗಸರ ಜಾಕೀಟಿಗೂ ಅದು ಇಳಿಯಿತು. ಸೀರೆ ಮಾತ್ರ ಮರಾಠಿ ಒಂಬತ್ತು ಗಜದ್ದೇ. ಪಟದ ಎದುರಿಗೆ ಕೂತು ಎಲೆ ಅಡಿಕೆ ಹಾಕುವ ಮನೆಯ ಅಜ್ಜಿಯದು ತೋಪತೆನಿ ಸೆರಗಿನ ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಬಸ. ಗಿಡ್ಡ ತೋಳು, ಮುಂದೆ ಗಂಟು, ಲೇಸಿನ ಹಂಗಿಲ್ಲ. ಕೆಂಡದಂಥ ಈ ಬಿಸಿಲಿಗೆ ಯಾವುದು ಚೆಂದ ಅಂದರೆ ನನ್ನ ಮತ ಅಜ್ಜಿಗೇ.

ಈಗ ಪೇಟೆಯಲ್ಲಿ ನಕಲು ಬಹಳ. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ಒಂದರ ಮೇಲೊಂದು ಒತ್ತಿ, ಮೇಲೆ ವಾರ್ನಿಷ್ ಬಳಿದು ಎಣ್ಣೆ ಚಿತ್ರದ ಹೊಳಪು ತರುತ್ತಿದ್ದರು. ಭೂತಗನ್ನಡಿ ಹಿಡಿದು ಕೆನ್ನೆ ನೋಡಿ: ರವೆ ಚೆಲ್ಲಿದಂತೆ ಒಂದಕ್ಕೊಂದು ಹೊಂದದ ಚುಕ್ಕೆಗಳಿದ್ದರೆ ಹಳೆಯದು. ಅಳತೆ ಹಿಡಿದು ಸಾಲುಗಟ್ಟಿದ ಚುಕ್ಕೆಗಳಿದ್ದರೆ ಆಫ್‌ಸೆಟ್, ಗೋಡೆಗೆ ಹಾಕಿಕೊಳ್ಳಿ, ದುಡ್ಡು ಸುರಿಯಬೇಡಿ. ಕೆಳಗಿನ ಅಂಚಿನಲ್ಲಿ ‘ರವಿವರ್ಮಾ ಪ್ರೆಸ್, ಕಾರ್ಲಾ–ಲೋನಾವಳ’ ಎಂದು ಸಣ್ಣ ಇಂಗ್ಲಿಷ್ ಅಕ್ಷರವಿದ್ದರೆ ಮಳವಲಿಯ ಮಾಲು. ಕಟ್ಟು ಹಾಕುವವರು ಅಳತೆಗೆ ಕೂರುವುದಿಲ್ಲವೆಂದು ಕತ್ತರಿಸುವುದು ಇದೇ ಅಂಚನ್ನು!

ಮನೆಯಲ್ಲಿ ಇಂಥ ಪಟವಿದ್ದರೆ ಹೊಸ ಕಟ್ಟು ಹಾಕಿಸುವಾಗ ಎದುರಿಗೇ ನಿಲ್ಲಿ. ಅಂಚಿಗೆ ಕತ್ತರಿ ತಾಗಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.