ಬ್ರಿಥೆನಿಗ್: ಲ್ಯಾಟಿನ್ನಿಗೆ ಹುಟ್ಟದೆ ಉಳಿದ ಮಗಳು

ಐದನೆಯ ಶತಮಾನದಲ್ಲಿ ರೋಮನ್ ಆಳ್ವಿಕೆ ಕೊನೆಗೊಂಡ ಮೇಲೂ ಬ್ರಿಟನ್ನಿನ ಜನಸಾಮಾನ್ಯರ ಬಾಯಲ್ಲಿ ಲ್ಯಾಟಿನ್ ಉಳಿದಿದ್ದರೆ, ಅದು ಫ್ರೆಂಚ್, ಸ್ಪ್ಯಾನಿಷ್‌ಗಳಂತೆ ಮತ್ತೊಂದು ರೊಮಾನ್ಸ್ ಭಾಷೆಯಾಗಿ, ಅಂದರೆ ಲ್ಯಾಟಿನ್ನಿನ ಆಡುಮಾತಿನಿಂದ ಕವಲೊಡೆದ ಭಾಷೆಯಾಗಿ, ಬೆಳೆಯುತ್ತಿತ್ತು. ಆ ಭಾಷೆ ಹೇಗಿರುತ್ತಿತ್ತು ಎಂಬ ಪ್ರಶ್ನೆಗೆ ನ್ಯೂಜಿಲೆಂಡಿನ ಆಂಡ್ರ್ಯೂ ಸ್ಮಿತ್ 1996ರಿಂದ ಕಟ್ಟತೊಡಗಿದ ಬ್ರಿಥೆನಿಗ್ ಎಂಬ ಕಲ್ಪಿತ ಭಾಷೆ ಒಂದು ಉತ್ತರ. ಬ್ರಿಟನ್ನಿನ ಕೆಲ್ಟಿಕ್ ನುಡಿ ವೆಲ್ಷ್ ಆಗಿ ಮಾರ್ಪಡುವಾಗ ಕಂಡ ಧ್ವನಿ ಬದಲಾವಣೆಗಳಿಗೆ ಲ್ಯಾಟಿನ್ ಪದಗಳನ್ನು ಒಳಪಡಿಸುವುದೇ ಅದರ ವಿಧಾನ.

ಈ ವಿಧಾನಕ್ಕೆ ಗಟ್ಟಿಯಾದ ಆಧಾರವಿದೆ. ರೋಮನ್ನರ ಕಾಲದಲ್ಲಿ ಎರವಲಾಗಿ ಬಂದ ನೂರಾರು ಲ್ಯಾಟಿನ್ ಪದಗಳು ವೆಲ್ಷ್‌ನಲ್ಲಿ ಇಂದಿಗೂ ಬಳಕೆಯಲ್ಲಿದ್ದು, ಆ ನೆಲದಲ್ಲಿ ಲ್ಯಾಟಿನ್ ಧ್ವನಿಗಳು ಏನಾದವೆಂಬುದನ್ನು ಅವೇ ತೋರಿಸುತ್ತವೆ: ದ್ರಾಕ್ಷಾರಸದ ‘ವೀನುಮ್’ ‘ಗ್ವಿನ್’ ಆಯಿತು, ಸೇತುವೆಯ ‘ಪೊಂತೆಮ್’ ‘ಪೊಂತ್’ ಆಯಿತು. ಈ ‘ಪೊಂತ್’ ಸ್ತ್ರೀಲಿಂಗವಾದ್ದರಿಂದ ನಿರ್ದೇಶಕ ಪದದ (ಇಂಗ್ಲಿಷಿನ ‘ದ’ದಂಥ ಪದದ) ಮುಂದೆ ‘ಬೊಂತ್’ ಎಂದಾಗುತ್ತದೆ. ಕತಪಗಳಿಗೆ ಗದಬಗಳು ಬರುವ ಆದೇಶ ಸಂಧಿಯನ್ನು ಬಲ್ಲ ಕನ್ನಡ ಓದುಗರಿಗೆ ಇದು ಹೊಸತಲ್ಲ. ‘ಮಳೆಗಾಲ’, ‘ಬೆಟ್ಟದಾವರೆ’ಗಳಲ್ಲಿ ಆಗುವುದೂ ಇದೇ. ಆದರೆ ವೆಲ್ಷ್‌ನಲ್ಲಿ ಈ ಬದಲಾವಣೆಗೆ ಕಾರಣವಾಗಿದ್ದ ಹಿಂದಿನ ಪದದ ಸ್ವರವೇ ಸವೆದುಹೋಗಿ, ಸಂಧಿಯಾಗಿದ್ದದ್ದು ಲಿಂಗವನ್ನು ಸೂಚಿಸುವ ವ್ಯಾಕರಣವಾಯಿತು.

ಬ್ರಿಥೆನಿಗ್ ಈ ಪ್ರಕ್ರಿಯೆಯನ್ನು ಆಳವಾಗಿ ಗ್ರಹಿಸಿದೆ. ಭೂಮಿ ಎಂಬರ್ಥದ ‘ತೆರ್’ ಸ್ತ್ರೀಲಿಂಗದ ನಿರ್ದೇಶಕದ ಮುಂದೆ ‘ದೆರ್’ ಆಗುತ್ತದೆ; ‘ಮತ್ತು’ ಎಂಬರ್ಥದ ಲ್ಯಾಟಿನ್ ‘ಎತ್’ ತನ್ನ ತಕಾರವನ್ನು ಕಳೆದುಕೊಂಡು ‘ಎ’ ಆದರೂ, ಅದರ ಮುಂದೆ ಬರುವ ‘ಪರ್ದುನ್’ (ಕ್ಷಮಿಸು) ಎಂಬ ಕ್ರಿಯಾಪದ ‘ಫರ್ದುನ್’ ಆಗಿ, ಅಳಿದ ವ್ಯಂಜನದ ಗುರುತನ್ನು ಉಳಿಸಿಕೊಳ್ಳುತ್ತದೆ. ವ್ಯಂಜನಗಳು ಹೀಗೆ ಬದಲಾಗುವುದು ರೊಮಾನ್ಸ್ ಸ್ವಭಾವಕ್ಕೆ ಹೊರತು ಎಂಬ ಆಕ್ಷೇಪ ನಿಲ್ಲುವುದಿಲ್ಲ. ಲ್ಯಾಟಿನ್ನಿನ ‘ವೀತ’ ಸ್ಪ್ಯಾನಿಷ್‌ನಲ್ಲಿ ‘ವಿದ’ ಆದಾಗ ಪದದ ಒಳಗೆ ನಡೆದದ್ದು ತಕಾರ ದಕಾರವಾಗುವ ಇದೇ ಮೃದುತ್ವ, ಮತ್ತು ಸಾರ್ಡೀನಿಯದ ಮಾತಿನಲ್ಲಿ ಅದು ಪದಗಳ ಗಡಿಯನ್ನೂ ದಾಟುತ್ತದೆ.

ಬ್ರಿಥೆನಿಗ್‌ನಲ್ಲಿ ಅಂತ್ಯಾಕ್ಷರಗಳು ಅಳಿದುದರಿಂದ ನಾಮಪದದಲ್ಲಿ ಬಹುವಚನದ ಗುರುತು ಉಳಿಯದೆ, ಆ ಹೊರೆ ‘ಲ್ಲೊ’ ಎಂಬ ನಿರ್ದೇಶಕದ ಮೇಲೆ ಬಿದ್ದಿದೆ. ಆಡುವ ಫ್ರೆಂಚ್‌ನಲ್ಲೂ ಹೆಚ್ಚುಕಡಿಮೆ ಹೀಗೇ ಇರುವುದರಿಂದ ಇದನ್ನು ಒಪ್ಪಬಹುದು.

ಒಪ್ಪಲು ಕಷ್ಟವಾಗುವುದು ವ್ಯಾಕರಣದ ಇನ್ನೊಂದು ಮುಖ. ವೆಲ್ಷ್‌ನಲ್ಲಿ ವಿಭಕ್ತಿಯ ಕೆಲಸ ಮಾಡುವ ಪೂರ್ವಪದಗಳು ಸರ್ವನಾಮದೊಡನೆ ಬೆಸೆದು ಪುರುಷ ಪ್ರತ್ಯಯಗಳನ್ನು ಪಡೆಯುತ್ತವೆ: ‘ಅರ್’ ಎಂದರೆ ಮೇಲೆ, ‘ಅರ್ನವ್’ ಎಂದರೆ ನನ್ನ ಮೇಲೆ, ‘ಅರ್ನತ್’ ಎಂದರೆ ನಿನ್ನ ಮೇಲೆ. ಬ್ರಿಥೆನಿಗ್‌ನಲ್ಲಾದರೋ ‘ನಮಗೆ’ ಎನ್ನಲು ‘ಅ ನೂ’, ‘ನಮ್ಮಿಂದ’ ಎನ್ನಲು ‘ದಿ ನೂ’ ಎಂದು ಎರಡು ಪದಗಳು ಬಿಡಿಬಿಡಿಯಾಗಿಯೇ ನಿಲ್ಲುತ್ತವೆ. ಕೆಲ್ಟಿಕ್ ಮಾತಿನವರು ಲ್ಯಾಟಿನ್ ಕಲಿತು ತಮ್ಮ ಉಚ್ಚಾರಣೆಯನ್ನೆಲ್ಲ ಅದಕ್ಕೆ ಕೊಟ್ಟರೆಂದು ಊಹಿಸಿದ ಮೇಲೆ, ತಮ್ಮ ವಾಕ್ಯದ ಹೆಣಿಗೆಯನ್ನು ಮಾತ್ರ ಹೊರಗಿಟ್ಟರೆನ್ನುವುದು ಸಹಜವಲ್ಲ. ನೆರೆಭಾಷೆಗಳು ಬೆರೆತಲ್ಲಿ ಧ್ವನಿಯೊಂದೇ ದಾಟಿಬರುವುದು ಅಪರೂಪ. ಧ್ವನಿ ನಿಯಮಗಳಲ್ಲಿ ಬ್ರಿಥೆನಿಗ್ ತೋರಿದ ಕಟ್ಟುನಿಟ್ಟು ವಾಕ್ಯರಚನೆಗೂ ಇಳಿದಿದ್ದರೆ ಅದು ಬ್ರಿಟನ್ನಿನ ಲ್ಯಾಟಿನ್ ಆಗುತ್ತಿತ್ತು. ಈಗಿರುವಂತೆ ಅದು ವೆಲ್ಷ್ ಉಚ್ಚಾರಣೆಯನ್ನು ಅತ್ಯಂತ ನಿಷ್ಠೆಯಿಂದ ಪಡೆದ ರೊಮಾನ್ಸ್ ವ್ಯಾಕರಣ.